ಆಚಾರ್ಯರ ಏಕಾಂತ

ಮಾರ್ಚ್ ೧೧, ೧೯೭೪

ಸತ್ತ ಮುದುಕನೊಬ್ಬನ ಕಾಗದಗಳನ್ನು ಜೋಡಿಸುವ ಕೆಲಸ ಸಿಕ್ಕಿದೆ. ಗಿರಣಿಯ ಆಫೀಸಿನಿಂದ ನನ್ನನ್ನು ಹೊರಗೆ ಹಾಕಿದ ಮೇಲೆ ಪರೇಲಿನ ಯಾವ ಗೇಟಿಗೆ ಹೋದರೂ ವಾಚ್‌ಮನ್ ಮೊದಲು ಹೆಸರು ಕೇಳುತ್ತಾನೆ, ಆಮೇಲೆ ನಗುತ್ತಾನೆ. ಕರಪತ್ರ ಹಂಚಿದವನಿಗೆ ಕೆಲಸ ಕೊಡಬೇಡಿ ಎಂದು ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಂಡಿದ್ದಾರೆ. ಅವರಲ್ಲಿರುವ ಒಗ್ಗಟ್ಟು ನಮ್ಮ ಯೂನಿಯನ್ನಿನಲ್ಲಿ ಇಲ್ಲ.

ಮುದುಕ ಎಂದರೆ ಆಚಾರ್ಯ ಬಸವಂತಪ್ಪ, ತತ್ತ್ವಜ್ಞಾನಿ. ಕನ್ನಡ ಸಂಘದವರು ಶಾಲು ಹೊದಿಸಿ ಹೊದಿಸಿ ಅವನ ಭುಜ ಬಾಗಿಸಿದ್ದರು. ಜನವರಿಯಲ್ಲಿ ಸತ್ತ. ಗೋರೆಗಾಂವ್‌ನ ಹಳೇ ಬಿಲ್ಡಿಂಗಿನಲ್ಲಿ ಬಾಡಿಗೆಯ ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆಯ ತುಂಬ ಪತ್ರಗಳೇ. ಯುರೋಪಿನಿಂದ, ಕಾಶಿಯಿಂದ, ಧಾರವಾಡದಿಂದ ಬಂದವು, ಜೊತೆಗೆ ಇವನು ಬರೆದವುಗಳ ಕಾರ್ಬನ್ ಪ್ರತಿ. ಎಲ್ಲವನ್ನೂ ಓದಿ, ಒಂದೊಂದಕ್ಕೂ ಕಾರ್ಡು ಬರೆದು, ಯಾವ ವಿಷಯ ಯಾವ ಪತ್ರದಲ್ಲಿದೆ ಎಂದು ಸೂಚಿ ಮಾಡಬೇಕು.

ಸ್ಮಾರಕ ಸಮಿತಿಯ ಕಾರ್ಯದರ್ಶಿ ಶೇಖರ ಅವರಿಗೆ ಮಾಟುಂಗಾದಲ್ಲಿ ಹೋಟೆಲಿದೆ. "ನೀವು ಮೂರು ಭಾಷೆ ಓದ್ತೀರಂತೆ. ನಮಗೆ ಅಂಥ ಜನ ಎಲ್ಲಿ ಸಿಗ್ತಾರೆ ಮಾರಾಯ್ರೆ," ಎಂದರು. ಅಡ್ಡಹೆಸರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾಳೆಯಿಂದಲೇ ಬನ್ನಿ," ಎಂದರು. ಆ ಸ್ವಲ್ಪ ಹೊತ್ತು ನನಗೆ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ಅದರಲ್ಲೇ ಬದುಕಿದ್ದೇನೆ.

ಕೆಲಸ ಕೊಡಿಸಿದವಳು ಹಾಲವ್ವ ಚಿಗವ್ವ. ರಕ್ತಸಂಬಂಧವಲ್ಲ. ನಮ್ಮ ಕೇರಿಯವಳು, ನಮ್ಮ ಚಾಳಿನಲ್ಲೇ ಇದ್ದವಳು, ಅವ್ವನ ಜೊತೆ ಗಿರಣಿಯಲ್ಲಿ ದುಡಿದವಳು. ನಾನು ಚಿಕ್ಕವನಿದ್ದಾಗಲೇ ಮುದುಕನ ಮನೆ ಸೇರಿ ಕಡೆತನಕ ಅವನ ಜೊತೆ ಬಾಳುವೆ ಮಾಡಿದಳು. ಅಡುಗೆಮನೆಯಲ್ಲಿ ಅವಳೊಟ್ಟಿಗೆ ನೆಲಕ್ಕೆ ಕೂತು ಚಹಾ ಕುಡಿದೆ.

"ಅಂವ ಬರದಿದ್ದು ಒಂದೂ ನನಗ ತಿಳೀಲಿಲ್ಲ ತಮ್ಮಾ. ನೀ ಓದಿ ಹೇಳು. ಏನಾರ ಕೆಲಸಕ್ಕ ಬರೂ ಹಂಗ ಬರದಾನೇನು ನೋಡೂಣು," ಎಂದಳು.

ಮಾರ್ಚ್ ೨೦

ಸುಳ್ಳುಗಾರ ಮುದುಕ.

ವಿಯೆನ್ನಾದ ಪ್ರೊಫೆಸರನಿಗೆ ಬರೆದಿದ್ದಾನೆ: "ಈ ಮಹಾನಗರದಲ್ಲಿ ನಾನು ಒಬ್ಬಂಟಿ. ಮನೆಯಲ್ಲಿ ನನ್ನ ಹೆಜ್ಜೆಯ ಸದ್ದೊಂದೇ. ಏಕಾಂತವೇ ನನ್ನ ಸಾಧನೆ." ಪುಣೆಗೆ ಬರೆದದ್ದರಲ್ಲೂ ಅದೇ ರಾಗ. ಧಾರವಾಡದ ಗೆಳೆಯನಿಗೆ, "ನನ್ನ ಜೊತೆಗಾರ ಮೌನ ಮಾತ್ರ." ಮನುಷ್ಯರೆಲ್ಲ ಸಮಾನರು ಎಂದು ಜಗತ್ತಿಗೆಲ್ಲ ಬರೆದ ಕೈ, ದಿನಾ ರೊಟ್ಟಿ ಬಡಿದು ಹಾಕಿದವಳ ಹೆಸರನ್ನು ಇಲ್ಲಿಯವರೆಗೆ ಒಂದು ಪತ್ರದಲ್ಲೂ ಬರೆದಿಲ್ಲ. ಹೊಲಗೇರಿಯವಳ ಕೈಯ ರೊಟ್ಟಿ ತಿಂದು ಲಕೋಟೆಗೆ ಮಾತ್ರ ಶುದ್ಧ ಏಕಾಂತ ತುಂಬಿ ಕಳಿಸಿದ.

ಅಡುಗೆಮನೆಗೆ ಹೋಗಿ ಓದಿ ಹೇಳಿದೆ.

"ಏಕಾಂತ ಅಂದ್ರ ಏನೋ?"

"ಒಬ್ಬನೇ ಇರೂದು."

"ಮತ್ತ ನಾ ಯಾರು, ಬೆಕ್ಕೇನು?" ಎಂದು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆ ಕಾಗದಾ ಪೋಸ್ಟಿಗಿ ಹಾಕಿದಾಕಿನೂ ನಾನೇ ಹೌದಲ್ಲೋ. ಹೋಗ್ಲಿ ಬಿಡು. ದೊಡ್ಡ ಮಂದಿಗಿ ಬರಿಯೂ ಮುಂದ ಅಡಗಿಮನಿ ಸುದ್ದಿ ಯಾರು ಬರೀತಾರ. ಕಾಗದದಾಗ ಒಬ್ಬನೇ ಇದ್ದ. ಜ್ವರ ಬಂದಾಗ ಒಬ್ಬನೇ ಇರ್ತಿದ್ದಿಲ್ಲ."

ಅವಳು ನಕ್ಕಷ್ಟೂ ನನ್ನ ಮೈ ಉರಿಯಿತು. ಸೂಚಿಯಲ್ಲಿ 'ಏಕಾಂತ' ಎಂಬ ಒಂದು ವಿಭಾಗವನ್ನೇ ತೆರೆಯುತ್ತೇನೆ. ಅವನ ಒಂದೊಂದು ಸುಳ್ಳನ್ನೂ ಹೆಕ್ಕಿ ಅದರಲ್ಲಿ ಸಾಲಾಗಿ ನಿಲ್ಲಿಸುತ್ತೇನೆ. ನಾಳೆ ಇವನ ಮೇಲೆ ಡಾಕ್ಟರೇಟ್ ಮಾಡಲು ಬರುವ ಬಿಳಿಯಂಗಿಯವನು ಮೊದಲು ಅದನ್ನು ಓದಲಿ.

ಏಪ್ರಿಲ್ ೧೬

ಮೊನ್ನೆ ಭೀಮ ಜಯಂತಿಯ ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಹೋಗಿದೆ. ಮರೆಪ್ಪ ಡಪ್ಪು ಬಡಿದ. ಅವನು ಗಿರಣಿಯ ನೂಲಿನ ಖಾತೆಯವನು, ಚಳವಳಿಗೆ ನನ್ನನ್ನು ಎಳೆದು ತಂದವನು.

ನಿನ್ನೆ ಮುದುಕನ ಅಣ್ಣನ ಮಗ ಖಂಡಪ್ಪ ಬೊರಿವಲಿಯಿಂದ ಬಂದಿದ್ದ. ಹೊಸ್ತಿಲಲ್ಲೇ ನಿಂತು ಹೇಳಿದ: "ಕಾಕಾ ಸನ್ಯಾಸಿ ಹಂಗ ಇದ್ದ. ಈಕಿ ಅಡಗಿ ಮಾಡಾಕಿ. ಇಷ್ಟ ದಿನಾ ಇದ್ಲು, ಇನ್ ಸಾಕು, ಊರಿಗಿ ಹೋಗ್ಲಿ. ನನ್ನ ಮಗಳ ಲಗ್ನ ಗೊತ್ತಾಗೇದ. ಬೀಗರು ಕೇಳಿದ್ರ ಈಕಿ ಯಾರಂತ ಹೇಳ್ಲಿ ನಾ?"

ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾವೂರಿಗೋ ಯಪ್ಪಾ? ನನ್ನ ಊರು ಇದೇ ಅದ," ಎಂದಳು.

ಶೇಖರ ಬಿಡಿಸಿ ಹೇಳಿದರು: "ಕಾನೂನು ಹೀಗುಂಟು. ಬಾಡಿಗೆದಾರ ಸತ್ತರೆ ಅವನೊಟ್ಟಿಗೆ ಇದ್ದ ಮನೆಯವರಿಗೆ ಮನೆ. ಹೆಂಡತಿ ಅಂತಾದರೆ ಈ ಅಮ್ಮ ಸಾಯುವವರೆಗೆ ಇರಬಹುದು. ಅಡುಗೆಯವಳು ಅಂತಾದರೆ ಏನೂ ಇಲ್ಲ, ವಾರಸುದಾರ ಖಂಡಪ್ಪನಿಗೆ. ಅವನು ಸಮಿತಿಗೆ ಬಿಟ್ಟು ಕೊಡ್ತಾನಂತೆ, ಲೈಬ್ರರಿ ಮಾಡಲಿಕ್ಕೆ. ನಾನು ಯಾರ ಕಡೆಯೂ ಅಲ್ಲ ಮಾರಾಯ."

ಅವ್ವನಿಗೆ ಹೇಳಿದೆ. ಅವ್ವ ಕೂತಲ್ಲಿಂದ ಎದ್ದೇ ಬಿಟ್ಟಳು. "ಅಡಗಿಯಾಕಿ ಅಂದನೇನು ಅಂವ? ಉಡಿಕಿ ಆಗ್ಯದೋ ಅವರದು. ಇದೇ ಚಾಳಿನಾಗ. ಅಂವ ಸೀರಿ ತಂದಿದ್ದ, ನಾನೇ ಉಡಸೀನಿ, ನಾನೇ ಉಡಿ ತುಂಬೀನಿ."

ಉಡಿಕಿ ಎಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಬ್ಬನ ಜೊತೆ ಕೂಡಿಸುವುದು. ಹಂದರ ಇಲ್ಲ, ಭಟ್ಟ ಇಲ್ಲ, ಲಗ್ನಪತ್ರಿಕೆ ಇಲ್ಲ. ಮುತ್ತೈದೆಯರು ಅದನ್ನು ಕಣ್ಣಿಂದಲೂ ನೋಡುವುದಿಲ್ಲ, ಅವರಿಗೆ ಅಪಶಕುನ. ಗಂಡ ಸತ್ತವರೇ ನಿಂತು ಮಾಡಿಸಬೇಕು. ಅಪ್ಪ ಸತ್ತಿದ್ದರಿಂದ ಅವ್ವನನ್ನು ಕರೆದಿದ್ದರು. ಅವತ್ತು ನಿಂತ ಇನ್ನಿಬ್ಬರಲ್ಲಿ ಸೋಮವ್ವ ಸತ್ತಳು, ದೇವಕ್ಕ ಊರಿಗೆ ಹೋದವಳು ಇದ್ದಾಳೋ ಇಲ್ಲವೋ. ಉಳಿದವಳು ಅವ್ವ ಒಬ್ಬಳೇ.

"ಎಲ್ಲಿ ಬರಬೇಕ ಹೇಳು, ಬಂದು ಹೇಳ್ತೀನಿ. ಜಡ್ಜ್ ಸಾಹೇಬ ಅಂದ್ರ ಏನ್ ಹುಲಿಯೇನು?"

ಮರೆಪ್ಪ ಚಳವಳಿಯ ವಕೀಲರನ್ನು ಗೊತ್ತು ಮಾಡಿದ. ಕೋರ್ಟಿನಲ್ಲಿ ಕೇಸು ನಡೆಸಿಕೊಡುತ್ತಾರೆ, ಫೀಸಿಲ್ಲ. ತಾರೀಕಿನ ದಿನ ಅವ್ವನನ್ನು ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ. ಚಿಗವ್ವನನ್ನು ಆ ಮನೆಯಿಂದ ಯಾರು ಎಬ್ಬಿಸುತ್ತಾರೋ ನೋಡಿಯೇ ಬಿಡುತ್ತೇನೆ.

ಮೇ ೧೩

ರೈಲು ಮುಷ್ಕರ. ಲೋಕಲ್ ನಂಬುವ ಹಾಗಿಲ್ಲ. ಇಲ್ಲೇ ಗೋರೆಗಾಂವ್‌ನಲ್ಲಿ ಕಪಾಟುಗಳ ನಡುವೆ ಮಲಗುತ್ತಿದ್ದೇನೆ. ಹಗಲಿಡೀ ಓದು. ಇಷ್ಟು ಪುರುಸೊತ್ತಿನ ಓದು ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಚಾಳಿನಲ್ಲಿ ನಲ್ಲಿ ಜಗಳ, ಮಕ್ಕಳ ಗಲಾಟೆ. ಇಲ್ಲಿ ಒಂದು ವಾಕ್ಯವನ್ನು ಕಡೆತನಕ ಓದಬಹುದು.

ಮನುಷ್ಯ ದೊಡ್ಡವನೇ, ಒಪ್ಪಬೇಕು. ವಿಯೆನ್ನಾದವನ ಜೊತೆ ಬರೀ ಕಾಗದದಲ್ಲಿ ಎಂಟು ವರ್ಷ ವಾದ ಮಾಡಿದ್ದಾನೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಕೆಡವುತ್ತಾನೆ. ಆ ತಾಳ್ಮೆ ನಮ್ಮ ಸಭೆಗಳಲ್ಲಿ ಇಲ್ಲ.

'ಏಕಾಂತ' ವಿಭಾಗ ದಪ್ಪವಾಗಿದೆ. ಅದನ್ನು ಒಳವಿಭಾಗಗಳಾಗಿ ಒಡೆದೆ: ನಗರ, ಮೌನ, ಮನೆ. ಅಂದವಾಗಿ ಬಂದಿದೆ.

ಚಿಗವ್ವ ಕೆಳಗಿನ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು. ಎಣ್ಣೆ ಜಿನುಗಿ ಒಂದು ಕಂತೆಯ ಅಂಚು ಹಳದಿಯಾಗಿದೆ. ತೆಗೆ ಎಂದೆ. "ಅಂವ ಇದ್ದಾಗೂ ಅಲ್ಲೇ ಇಡ್ತಿದ್ದೆ," ಎಂದಳು. ನಾನೇ ತೆಗೆದು ಹೊರಗಿಟ್ಟೆ.

ಮುಷ್ಕರದ ಬೆಂಬಲಕ್ಕೆ ಪರೇಲಿನಲ್ಲಿ ಸಭೆ ಇತ್ತು. ಬಸ್ಸು ಇತ್ತು, ಆದರೆ ತುಂಬಿರುತ್ತದೆ. ಮುಷ್ಕರ ಬೇಗ ಮುಗಿದರೆ ಒಳ್ಳೆಯದು. ಪುಣೆಯಿಂದ ಬರಬೇಕಾದ ಪತ್ರಗಳ ಪ್ರತಿಗಳು ದಾರಿಯಲ್ಲೆಲ್ಲೋ ಕೂತಿವೆ.

ಜೂನ್ ೨೨

ಶೇಖರ ಅವರು ವಿಶ್ವವಿದ್ಯಾಲಯದ ಇಬ್ಬರನ್ನು ಕರೆತಂದಿದ್ದರು. ಒಬ್ಬರು ಕಾರ್ಡಿನ ಪೆಟ್ಟಿಗೆ ಎಳೆದು 'ಏಕಾಂತ'ದ ಹತ್ತಿರ ನಿಂತೇ ಬಿಟ್ಟರು. ಆಚಾರ್ಯರ ಇಡೀ ದರ್ಶನದ ಕೀಲಿಕೈ ಇಲ್ಲಿದೆ, ಇದನ್ನು ಹುಡುಕಿದವರು ಯಾರು ಎಂದು ಕೇಳಿದರು. ನಾನೆಂದೆ. ನನ್ನ ಕೈ ಕುಲುಕಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ನಾನೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಆ ವಿಭಾಗವನ್ನು ಯಾಕೆ ತೆರೆದೆ ಎಂಬುದನ್ನು ಹೇಳುವ ಸಂದರ್ಭ ಬರಲಿಲ್ಲ.

ಹಾಲವ್ವನಿಗೆ ಚಹಾ ಹೊರಗೆ ತರಲು ಹೇಳಿದ್ದೆ. ಸ್ಟೀಲಿನ ಲೋಟ ಬೇಡ, ಕಪ್ಪು-ಸಾಸರು ಎಂದು ಮೊದಲೇ ತಿಳಿಸಿದ್ದೆ. ತಂದಿಟ್ಟು ಅಲ್ಲೇ ನಿಂತಳು, ತನ್ನ ಮನೆಗೆ ಬಂದವರು ಎಂಬ ಹಾಗೆ. "ಯಾವೂರವರು ನೀವು? ಉಂಡು ಹೋಗ್ರಿ," ಎಂದಳು. ಅವರು ನನ್ನ ಮುಖ ನೋಡಿದರು. ನಾನು "ಒಳಗ ಹೋಗು" ಎಂದೆ.

ಹೋಗುವಾಗ ಶೇಖರ ಭುಜದ ಮೇಲೆ ಕೈಯಿಟ್ಟರು. "ಲೈಬ್ರರಿ ಆದರೆ ಅದನ್ನು ನೋಡಿಕೊಳ್ಳಲಿಕ್ಕೆ ಒಬ್ಬ ಬೇಕು. ಹೊರಗಿನವರನ್ನು ಎಂತದಕ್ಕೆ ಹುಡುಕುವುದು? ಹಿಂದಿನ ಕೋಣೆಯಲ್ಲೇ ಇರಬಹುದು."

ಅದು ಹಾಲವ್ವ ಮಲಗುವ ಕೋಣೆ.

ಜುಲೈ ೨೫

ಖಂಡಪ್ಪನ ವಕೀಲರ ಗುಮಾಸ್ತ ಬಂದು 'ಏಕಾಂತ, ಮನೆ' ಎಂಬ ಒಳವಿಭಾಗದ ಪೂರ್ತಿ ಪಟ್ಟಿ ಕೇಳಿದ್ದ. ಪಟ್ಟಿಯನ್ನೂ ಆಯಾ ಪತ್ರಗಳ ನಕಲನ್ನೂ ಮಾಡಿಕೊಟ್ಟೆ. ಸೂಚಿ ಇರುವುದು ಕೇಳಿದವರಿಗೆ ತೋರಿಸುವುದಕ್ಕೆ. ಯಾಕೆ ಕೇಳುತ್ತೀರಿ ಎಂದು ವಿಚಾರಿಸುವುದು ಸೂಚಿಕಾರನ ಕೆಲಸವಲ್ಲ.

ಇವತ್ತು ಮರೆಪ್ಪ ಬಂದ. ಬಿಲ್ಡಿಂಗಿನವರು ನೋಡುವ ಹಾಗೆ ಮೆಟ್ಟಿಲಲ್ಲೇ ನಿಂತು ಆ ಪಟ್ಟಿಯನ್ನು ನನ್ನ ಮುಖಕ್ಕೆ ಹಿಡಿದ. ನಮ್ಮ ವಕೀಲರಿಗೆ ಎದುರಿನವರು ಕಳಿಸಿದ ಪ್ರತಿ.

"ಈ ಕೈಬರಹ ಯಾರದೋ?"

"ನನ್ನದು."

"ಏನ್ ಬರದದ ಇದರಾಗ? ಮುದುಕ ಒಬ್ಬನೇ ಇದ್ದ, ಮನ್ಯಾಗ ಮತ್ಯಾರೂ ಇದ್ದಿಲ್ಲ ಅಂತ ಮುದುಕನ ಬಾಯಿಲಿಂದೇ ಹೇಳ್ಸಿದಿ. ಖಂಡಪ್ಪಗ ಇಡೀ ವರ್ಷ ಹುಡುಕಿದ್ರೂ ಸಿಗ್ತಿದ್ದಿಲ್ಲ ಇದು. ನೀ ಆರಿಸಿ, ತೊಳದು, ತಾಟಿನ್ಯಾಗ ಹಾಕಿ ಕೊಟ್ಟಿ."

"ಪತ್ರದಲ್ಲಿ ಇರೋದನ್ನೇ ಬರದೀನಿ ಮರೆಪ್ಪ. ಇಲ್ಲದ್ದನ್ನ ಬರಿಲಿಕ್ಕೆ ಬರೂದಿಲ್ಲ."

"ಸಾಹೇಬ ಆದಿ ಬಿಡು. ಒಳಗ ಕರೀತೀಯೋ, ಇಲ್ಲಿಂದೇ ಹೋಗ್ಲೋ?"

ಒಳಗೆ ಕಾರ್ಡುಗಳನ್ನು ನೆಲದ ಮೇಲೆ ಹರಡಿದ್ದೆ, ಕಾಲಿಡಲು ಜಾಗವಿರಲಿಲ್ಲ. ಹಾಗೆಂದು ಹೇಳಿದೆ. ಅವನು ಇಳಿದು ಹೋಗುತ್ತಾ, "ಸಪ್ಟೆಂಬರ ಹನ್ನೆರಡಕ್ಕ ತಾರೀಖು ಅದ. ನಿಮ್ಮವ್ವ ಗುರುಬಾಯಿನ ಕರಕೊಂಡು ಬಾ. ಆಕಿ ಬಾಯಿ ಬಿಟ್ರ ಈ ಪಟ್ಟಿ ರದ್ದಿ ಆಗ್ತದ," ಎಂದ.

ಮರೆಪ್ಪನಿಗೆ ಶ್ರದ್ಧೆ ಇದೆ, ಶಿಸ್ತಿಲ್ಲ. ಕೂಗುವುದನ್ನೇ ಯೋಚಿಸುವುದು ಎಂದುಕೊಂಡಿದ್ದಾನೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಇದ್ದೆ.

ಸೆಪ್ಟೆಂಬರ್ ೧೨

ಅವ್ವ ಬೆಳಿಗ್ಗೆಯೇ ಎದ್ದು ತಲೆ ಬಾಚಿಕೊಂಡು, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು ಕೂತಿದ್ದಳು. "ಜಡ್ಜ್ ಸಾಹೇಬ ಮರಾಠಿ ಮಾತಾಡ್ತಾನೋ, ಹಿಂದಿ?" ಎಂದು ಕೇಳಿದಳು. ತಾರೀಕು ಮುಂದೆ ಹೋಗಿದೆ ಎಂದೆ.

ಮಳೆ ಹಿಡಿದಿದೆ. ಅವಳ ಮೊಣಕಾಲು ಊದಿದೆ. ಈ ಗರ್ದಿಯಲ್ಲಿ ಲೋಕಲ್ ಹತ್ತಿಸಿ, ಕೋರ್ಟಿನ ಮೆಟ್ಟಿಲು ಹತ್ತಿಸಿ, ಎಷ್ಟೋ ವರ್ಷದ ಹಿಂದಿನ ಒಂದು ಸಂಜೆಯ ಬಗ್ಗೆ ಬಾಯಿಪಾಠ ಒಪ್ಪಿಸಲು ನಿಲ್ಲಿಸಿದರೆ ಎದುರು ವಕೀಲರು ಅವಳನ್ನು ಹಿಂಡಿ ಹಾಕುತ್ತಿದ್ದರು. ಯಾವ ತಿಥಿ, ಯಾವ ಇಸವಿ ಎಂದು ಕೇಳುತ್ತಿದ್ದರು. ಆ ಅವಮಾನ ತಪ್ಪಿತು. ಕೋರ್ಟುಗಳಲ್ಲಿ ತಾರೀಕು ಮುಂದೆ ಹೋಗುವುದು ಸಾಮಾನ್ಯ, ಇವತ್ತಿನದೂ ಹೋಗಿರಬಹುದು.

ಧಾರವಾಡದ ಕಂತೆ ಮುಗಿಯಿತು.

ಸೆಪ್ಟೆಂಬರ್ ೨೮

ತಾರೀಕು ಮುಂದೆ ಹೋಗಿರಲಿಲ್ಲ. ಸಾಕ್ಷಿ ಎಲ್ಲಿ ಎಂದು ಕೇಳಿದಾಗ ಹಾಲವ್ವ ಬಾಗಿಲ ಕಡೆ ನೋಡುತ್ತ ನಿಂತಿದ್ದಳಂತೆ. ನಮ್ಮವರ ಹತ್ತಿರ ತೋರಿಸಲು ಏನೂ ಇರಲಿಲ್ಲ. ಎದುರಿನವರು ಆಚಾರ್ಯರ ಪತ್ರಗಳನ್ನು ಒಂದೊಂದಾಗಿ ಓದಿದರು. ಚಳವಳಿಯ ವಕೀಲರು ಕಡೆಗೆ ರಾಜಿಗೆ ಒಪ್ಪಿದರು. ದೀಪಾವಳಿಗೆ ಮುಂಚೆ ಮನೆ ಬಿಡುವುದು.

ರಾಜಿಪತ್ರವನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನಗೆ ಬಂತು. ನನ್ನ ಮೇಜಿನ ಎದುರು ಶೇಖರ, ಖಂಡಪ್ಪ. ಆಕೆಗೆ ಕುರ್ಚಿ ತೋರಿಸಿದರು. ನೆಲದ ಮೇಲೆ ಕೂತಳು.

ಓದಿದೆ: "ಮೃತರ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದ ಹಾಲವ್ವ ಎಂಬ ನಾನು..."

"ನಿಂದ್ರು. ಕೆಲಸಕ್ಕಿದ್ದ ಅಂತ ಬರದದೇನು?"

"ಹೌದು."

"ನೀ ಬರದಿಯೇನು?"

"ಇಂಗ್ಲಿಷಿನಲ್ಲಿ ಅವರು ಬರೆದದ್ದು. ನಾನು ಕನ್ನಡಕ್ಕೆ ತಂದೆ."

"ಛಲೋ ಕನ್ನಡ ಬರೀತಿ ನೀ," ಎಂದಳು. ಆಮೇಲೆ ಕೇಳಿದಳು, "ಗುರುಬಾಯಿ ಯಾಕ ಬರಲಿಲ್ಲೋ?"

"ಮೊಣಕಾಲು ನೋವು."

"ಮೊಣಕಾಲ ಮ್ಯಾಲೇ ಬರ್ತಿದ್ಲು ಆಕಿ." ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತಿದ್ದಳು. ಖಂಡಪ್ಪ ಮಸಿಯ ಡಬ್ಬಿ ಮುಂದೆ ತಳ್ಳಿದ. ಹೆಬ್ಬೆಟ್ಟು ಒತ್ತಿದಳು. ಒರೆಸಿಕೊಳ್ಳಲು ಏನೂ ಕಾಣದೆ ಮೇಜಿನ ಮೇಲಿದ್ದ ಒಂದು ಕಾರ್ಡು ತೆಗೆದುಕೊಂಡು ಅದಕ್ಕೆ ಬೆರಳು ಒರೆಸಿದಳು.

ಆ ಕಾರ್ಡನ್ನು ಮತ್ತೆ ಬರೆಯಬೇಕಾಯಿತು.

ಅಕ್ಟೋಬರ್ ೧೭

ಬೆಳಿಗ್ಗೆ ಮನೆ ತೆರವಾಯಿತು. ಒಂದು ಟ್ರಂಕು, ಒಂದು ಗಂಟು, ಕಲ್ಲಿನ ಒರಳು. ಒರಳನ್ನು ಬಿಟ್ಟು ಹೋಗಲು ಹೇಳಿದರೂ ಕೇಳಲಿಲ್ಲ. ಅವ್ವನೇ ಬಂದು ಪರೇಲಿಗೆ ಕರೆದುಕೊಂಡು ಹೋದಳು. ನನ್ನ ಜೊತೆ ಮಾತಾಡಲಿಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಮೂವರಿಗೆ ಜಾಗ ಎಲ್ಲಿಯದು? ನಾನು ಇಲ್ಲೇ ಇರುವುದು ಎಲ್ಲರಿಗೂ ಅನುಕೂಲ.

ಹಿಂದಿನ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ.

ನವೆಂಬರ್ ೧೭

ಕಳೆದ ಭಾನುವಾರ ಆಚಾರ್ಯರ ಗ್ರಂಥಾಲಯದ ಉದ್ಘಾಟನೆ ಆಯಿತು. ಭಾಷಣಗಳಲ್ಲಿ ಸೂಚಿಯ ಪ್ರಸ್ತಾಪ ಬಂತು. ಆಚಾರ್ಯರ ಏಕಾಂತವನ್ನು ಅರಿತ ಯುವಕ ಎಂದು ನನಗೊಂದು ಶಾಲು ಹೊದಿಸಿದರು. ಖಂಡಪ್ಪ ಬೀಗರ ಸಮೇತ ಮುಂದಿನ ಸಾಲಿನಲ್ಲಿದ್ದ.

ಇವತ್ತು ಮಧ್ಯಾಹ್ನ ಅವ್ವ ಬಂದಳು. ಮರೆಪ್ಪ ಎಲ್ಲ ಹೇಳಿದ್ದಾನೆ. ಒಳಗೆ ಬಾ ಎಂದೆ, ಬಾಗಿಲಲ್ಲೇ ನಿಂತಳು.

"ತಾರೀಖು ಮುಂದ ಹೋಗೇದ ಅಂದಿದ್ಯಲ್ಲ."

"ನಿನ್ನ ಮಾತಿನಿಂದ ಏನೂ ಆಗ್ತಿರಲಿಲ್ಲ ಅವ್ವಾ. ಅವರಿಗೆ ಕಾಗದ ಬೇಕು. ಉಡಿಕಿ ಆಗೇದ ಅಂತ ಒಂದು ಚೀಟಿ ಇತ್ತೇನು? ಇರಲಿಲ್ಲ."

"ನಾ ನೋಡೀನಿ ಅಂದ್ರ?"

"ನೋಡಿದ್ದು ದಾಖಲೆ ಆಗೂದಿಲ್ಲ."

ಅವ್ವ ಕಪಾಟುಗಳನ್ನು ಒಂದೊಂದಾಗಿ ನೋಡಿದಳು. ಅವಸರ ಮಾಡಲಿಲ್ಲ. ಆಮೇಲೆ ಕೇಳಿದಳು: "ನಿನ್ನ ನಾ ಹಡದೀನಿ ಅಂಬೂದು ಯಾವ ಕಾಗದದಾಗ ಅದನೋ ಚಂದ್ರಾಮ?"

ಭಾವನೆಯ ಮಾತಿಗೆ ಉತ್ತರ ಕೊಡುತ್ತ ಹೋದರೆ ಮುಗಿಯುವುದಿಲ್ಲ. ಕಾರ್ಡುಗಳ ಕಡೆ ತಿರುಗಿದೆ. ಮೆಟ್ಟಿಲನ್ನು ಒಂದೊಂದೇ ಇಳಿದು ಹೋದಳು. ಮೊಣಕಾಲು ನಿಜಕ್ಕೂ ಕೆಟ್ಟಿದೆ.

ಆಮೇಲೆ ಶಾಲೆಯ ಸರ್ಟಿಫಿಕೇಟು ತೆಗೆದು ನೋಡಿದೆ. ನನ್ನ ಹೆಸರು, ಅಪ್ಪನ ಹೆಸರು, ಜಾತಿ, ಊರು. ರೇಷನ್ ಕಾರ್ಡಿನಲ್ಲಿ ಗುರುಬಾಯಿ ಎಂದಷ್ಟೇ ಇದೆ, ಸಂಬಂಧದ ಮನೆ ಖಾಲಿ ಬಿಟ್ಟಿದ್ದಾರೆ. ಅವಳು ಹೇಳಿದ್ದು ಒಂದು ಅರ್ಥದಲ್ಲಿ ಸರಿ: ಹಾಗೆಂದು ಯಾವ ಕಾಗದದಲ್ಲೂ ಇಲ್ಲ.

ಪುಣೆಯ ಪ್ರತಿಗಳು ಕೊನೆಗೂ ಬಂದಿವೆ, ಇಡಲು ಜಾಗವಿಲ್ಲ. ಅಡುಗೆಮನೆಯ ಕಟ್ಟೆ ಒಡೆಸಿದರೆ ಎರಡು ಕಪಾಟು ಹಿಡಿಯುತ್ತವೆ. ನಾಳೆ ಗಾರೆಯವನಿಗೆ ಹೇಳಬೇಕು.